ನೋಟಿಫಿಕೇಶನ್ ಟೂಲ್‌ನ ಡಿಸ್ಕ್ ಕ್ಯಾಶ್: ಒಳಗೆ ಏನಾಗುತ್ತದೆ, ಸರಿಯಾಗಿ ಹೊಂದಿಸುವುದು ಹೇಗೆ

ವೆಬ್‌ಸೈಟ್‌ಗೆ ಕ್ಯಾಶ್ (cache, ಡೇಟಾವನ್ನು ಸ್ವಲ್ಪ ಹೊತ್ತು ಎತ್ತಿಡುವ ಜಾಗ) ಹಾಕುವುದು ವೇಗಕ್ಕೆ. ನೋಟಿಫಿಕೇಶನ್ ಟೂಲ್‌ಗೆ ಕ್ಯಾಶ್ ಬೇಕಾಗುವುದು ಬೇರೆಯೇ ಕಾರಣಕ್ಕೆ. ಸಂದೇಶ ಹೊರಟ ಹೊತ್ತಿಗೆ ಫೋನು ಸಂಪರ್ಕದಲ್ಲಿ ಇರಲಿಲ್ಲ. ಬ್ಯಾಟರಿ ಮುಗಿದಿತ್ತು, ಅಥವಾ ಲಿಫ್ಟ್‌ನಲ್ಲಿ ಸಿಗ್ನಲ್ ಹೋಗಿತ್ತು, ಅಥವಾ ವೈಫೈ ಬಿಟ್ಟು ಮೊಬೈಲ್ ಡೇಟಾ ಹಿಡಿಯುವ ಆ ನಾಲ್ಕೈದು ಸೆಕೆಂಡು ನಡೆಯುತ್ತಿತ್ತು. ಆಗ ಬಂದ ಸಂದೇಶವನ್ನು ಯಾರಾದರೂ ಎತ್ತಿಟ್ಟಿರಬೇಕು. ಫೋನು ವಾಪಸ್ ಬಂದಾಗ ಕೊಡಬೇಕು. ಅಷ್ಟೇ ಇದರ ಕೆಲಸ.

ಹಾಗಾಗಿ ವೇಗದ ಲೆಕ್ಕ ಇಲ್ಲಿ ಹೆಚ್ಚು ಮುಖ್ಯವಲ್ಲ. ಏನು ಕಳೆಯಿತು, ಏನು ಎರಡು ಸಲ ಬಂತು, ಯಾವಾಗ ಅಳಿಯಿತು ಎಂಬುದೇ ಮುಖ್ಯ.

ಉದಾಹರಣೆಗೆ ನಾನು ಎನ್‌ಟಿಎಫ್‌ವೈ (ntfy) ಎಂಬ ಟೂಲ್ ಇಟ್ಟುಕೊಳ್ಳುತ್ತೇನೆ. ಓಪನ್ ಸೋರ್ಸ್, ನಿಮ್ಮದೇ ಸರ್ವರ್‌ನಲ್ಲಿ ಓಡಿಸಬಹುದು. ಒಂದು ಟಾಪಿಕ್‌ನ (ಸಂದೇಶಗಳ ಒಂದು ಚಾನೆಲ್ ಇದ್ದಂತೆ) ವಿಳಾಸಕ್ಕೆ ಎಚ್‌ಟಿಟಿಪಿಯಲ್ಲಿ ಸಂದೇಶ ಹಾಕಿದರೆ ಆ ಟಾಪಿಕ್‌ಗೆ ಸಬ್‌ಸ್ಕ್ರೈಬ್ ಆದ ಫೋನು, ಬ್ರೌಸರ್ ಎಲ್ಲಕ್ಕೂ ತಲುಪುತ್ತದೆ. ನೀವು ಬೇರೆ ಟೂಲ್ ಬಳಸುತ್ತಿರಲಿ, ಸ್ವಂತದ್ದು ಬರೆಯುತ್ತಿರಲಿ, ಮುಂದೆ ಹೇಳುವುದರಲ್ಲಿ ಜಾಸ್ತಿ ಪಾಲು ಹಾಗೇ ಅನ್ವಯಿಸುತ್ತದೆ.

ಹಂತ 1: ಈಗ ಕ್ಯಾಶ್ ಇರುವುದು ಮೆಮೊರಿಯಲ್ಲೋ ಡಿಸ್ಕ್‌ನಲ್ಲೋ ನೋಡಿ

ಎನ್‌ಟಿಎಫ್‌ವೈ ಸರ್ವರ್‌ನ ಕಾನ್ಫಿಗ್‌ನಲ್ಲಿ ಕ್ಯಾಶ್-ಫೈಲ್ ಎಂಬ ಸೆಟ್ಟಿಂಗ್ ಇದೆ. ಅದನ್ನು ತುಂಬದಿದ್ದರೆ ಸಂದೇಶಗಳು ಮೆಮೊರಿಯಲ್ಲಿ ಮಾತ್ರ ಇರುತ್ತವೆ. ಒಂದು ಫೈಲ್‌ನ ದಾರಿ ಕೊಟ್ಟರೆ ಎಸ್‌ಕ್ಯೂಲೈಟ್ (SQLite, ಎಲ್ಲವನ್ನೂ ಒಂದು ಫೈಲ್‌ನಲ್ಲಿ ಇಡುವ ಚಿಕ್ಕ ಡೇಟಾಬೇಸ್) ಆಗಿ ಡಿಸ್ಕ್‌ಗೆ ಹೋಗುತ್ತವೆ. ಪಕ್ಕದಲ್ಲೇ ಕ್ಯಾಶ್-ಡ್ಯುರೇಶನ್ ಇದೆ, ಸಂದೇಶ ಎಷ್ಟು ಹೊತ್ತು ಇರಬೇಕು ಎಂದು ಹೇಳುವುದಕ್ಕೆ. ಏನೂ ಹೇಳದಿದ್ದರೆ 12 ಗಂಟೆ. 0 ಎಂದು ಹಾಕಿದರೆ ಕ್ಯಾಶ್ ಪೂರ್ತಿ ಬಂದ್.

ಇಲ್ಲಿ ಮೋಸ ಹೋಗುವುದು ಬಹಳ ಸುಲಭ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕುತ್ತೀರಿ, ಒಂದು ಸಂದೇಶ ಕಳಿಸುತ್ತೀರಿ, ಮೋಡ್ ತೆಗೆಯುತ್ತೀರಿ, ಸಂದೇಶ ಬರುತ್ತದೆ. ಕ್ಯಾಶ್ ಸರಿ ಇದೆ ಅನ್ನಿಸುತ್ತದೆ, ಅಲ್ವಾ? ಮೆಮೊರಿ ಕ್ಯಾಶ್ ಕೂಡ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಸಂದೇಶ ಕಳಿಸಿದ ಮೇಲೆ, ಫೋನು ಇನ್ನೂ ಆಫ್‌ಲೈನ್ ಇರುವಾಗಲೇ, ಸರ್ವರ್ ಪ್ರೋಗ್ರಾಂ ರೀಸ್ಟಾರ್ಟ್ ಮಾಡಿ ನೋಡಿ. ಅದು ಡಿಸ್ಕ್‌ನಲ್ಲಿದೆಯೋ ಇಲ್ಲವೋ ಆಗ ಗೊತ್ತಾಗುತ್ತದೆ.

ಹಂತ 2: ಫೈಲ್‌ಗೆ ಜಾಗ ಹುಡುಕಿ

ಎನ್‌ಟಿಎಫ್‌ವೈಯ ಕೈಪಿಡಿಯಲ್ಲಿ ಉದಾಹರಣೆಗೆ ಕೊಟ್ಟಿರುವುದು ಲಿನಕ್ಸ್‌ನ ವರ್ ಫೋಲ್ಡರ್ ಒಳಗಿನ ಕ್ಯಾಶ್ ಫೋಲ್ಡರ್ (/var/cache). ನಡೆಯುತ್ತದೆ, ಆದರೆ ನನಗೆ ಅಷ್ಟು ಸಮಾಧಾನವಿಲ್ಲ. ಲಿನಕ್ಸ್‌ನ ಫೋಲ್ಡರ್ ನಿಯಮದಲ್ಲಿ ಆ ಜಾಗಕ್ಕೆ ಒಂದು ಅರ್ಥವಿದೆ: ಇಲ್ಲಿರುವುದನ್ನು ಯಾವಾಗ ಬೇಕಾದರೂ ಅಳಿಸಬಹುದು, ಪ್ರೋಗ್ರಾಂ ಅದನ್ನು ಮತ್ತೆ ಹುಟ್ಟಿಸಿಕೊಳ್ಳುತ್ತದೆ. ನೋಟಿಫಿಕೇಶನ್ ಹಾಗೆ ಮತ್ತೆ ಹುಟ್ಟುವುದಿಲ್ಲ. ಕಳಿಸಿದವರು 200 ಎಂಬ ಉತ್ತರ (ಎಚ್‌ಟಿಟಿಪಿಯಲ್ಲಿ "ಸರಿಯಾಯಿತು" ಎಂಬ ಸಂಕೇತ) ನೋಡಿ ತಮ್ಮ ಕೆಲಸ ಮುಗಿಯಿತು ಎಂದುಕೊಂಡು ಹೋಗಿಯಾಗಿದೆ. ಜಾಗ ಖಾಲಿ ಮಾಡುವ ಸ್ಕ್ರಿಪ್ಟ್ ಬರೆಯುವವರು ಮೊದಲು ಕೈ ಹಾಕುವುದು ಇಂಥ ಫೋಲ್ಡರ್‌ಗೇ. ವರ್ ಒಳಗಿನ ಲಿಬ್ ಫೋಲ್ಡರ್ (/var/lib) ಇದಕ್ಕಿಂತ ಒಳ್ಳೆಯದು. ಟೆಂಪ್ ಫೋಲ್ಡರ್ ಅಂತೂ ಬೇಡವೇ ಬೇಡ, ಎಷ್ಟೋ ಸಿಸ್ಟಂಗಳಲ್ಲಿ ಅದು ರೀಬೂಟ್‌ಗೆ ಖಾಲಿಯಾಗುತ್ತದೆ.

ಡಾಕರ್‌ನಲ್ಲಿ (ಪ್ರೋಗ್ರಾಂ ಅನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯೊಳಗೆ ಓಡಿಸುವ ವ್ಯವಸ್ಥೆ) ಓಡಿಸುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಕಂಟೇನರ್ ಒಳಗೆ ಬರೆದ ಫೈಲ್ ರೀಸ್ಟಾರ್ಟ್ ಆದರೆ ಉಳಿಯುತ್ತದೆ. ಕಂಟೇನರನ್ನೇ ತೆಗೆದು ಹೊಸದು ಮಾಡಿದರೆ ಉಳಿಯುವುದಿಲ್ಲ. ಹೊಸ ವರ್ಶನ್‌ಗೆ ಹೋಗುವಾಗ ಮಾಡುವುದು ಇದನ್ನೇ. ಅಂದರೆ ತಿಂಗಳುಗಟ್ಟಲೆ ಎಲ್ಲ ಸರಿ ಇದ್ದು ಅಪ್‌ಡೇಟ್ ದಿನ ಮಾತ್ರ ಸಂದೇಶ ಮಾಯವಾಗುತ್ತವೆ. ಡೇಟಾಬೇಸ್ ಇರುವ ಫೋಲ್ಡರನ್ನು ವಾಲ್ಯೂಮ್ ಆಗಿ ಹೊರಗೆ ಜೋಡಿಸಿ.

ಪರ್ಮಿಶನ್ ಕೊಡುವಾಗ ಫೈಲ್‌ಗೆ ಮಾತ್ರ ಕೊಟ್ಟರೆ ಸಾಲದು, ಇಡೀ ಫೋಲ್ಡರ್‌ಗೆ ಬರೆಯುವ ಹಕ್ಕು ಬೇಕು. ಎಸ್‌ಕ್ಯೂಲೈಟ್ ತನ್ನ ಡೇಟಾಬೇಸ್ ಪಕ್ಕದಲ್ಲೇ ಇನ್ನೂ ಒಂದೆರಡು ಫೈಲ್ ಹುಟ್ಟಿಸುತ್ತದೆ. ಮತ್ತೆ, ನೆಟ್‌ವರ್ಕ್ ಡ್ರೈವ್ ಮೇಲೆ ಇಡಬೇಡಿ. ಹಂತ 4ರಲ್ಲಿ ಹೇಳುವ ವಾಲ್ (WAL) ಮೋಡ್‌ಗೆ ಹಂಚಿಕೊಂಡ ಮೆಮೊರಿ ಬೇಕು, ನೆಟ್‌ವರ್ಕ್ ಫೈಲ್ ಸಿಸ್ಟಂ ಮೇಲೆ ಅದು ಕೆಲಸ ಮಾಡುವುದಿಲ್ಲ.

ಹಂತ 3: ಒಂದು ಸಾಲಿನಲ್ಲಿ ಏನೇನು ಇರಬೇಕು

ಡೇಟಾಬೇಸ್‌ನ ಟೇಬಲ್‌ನಲ್ಲಿ ಒಂದು ಸಂದೇಶಕ್ಕೆ ಒಂದು ಸಾಲು. ಟಾಪಿಕ್, ಶೀರ್ಷಿಕೆ, ಪಠ್ಯ, ಆದ್ಯತೆ, ಸಮಯ: ಇವು ಇದ್ದೇ ಇರುತ್ತವೆ. ಗಮನ ಕೊಡಬೇಕಾದ ಕಾಲಂಗಳು ಬೇರೆ.

ಒಂದು, ಏರುತ್ತಲೇ ಹೋಗುವ ಕ್ರಮ ಸಂಖ್ಯೆ. ಸಮಯವನ್ನೇ ಕ್ರಮಕ್ಕೆ ಬಳಸಬಹುದಲ್ಲ ಅನ್ನಿಸಬಹುದು. ಒಂದೇ ಸೆಕೆಂಡಿನಲ್ಲಿ ಎರಡು ಸಂದೇಶ ಬಂದರೆ ಅದು ಕೆಡುತ್ತದೆ. ಸರ್ವರ್ ಗಡಿಯಾರ ಹಿಂದಕ್ಕೆ ತಿದ್ದಿಕೊಂಡರೆ ಇನ್ನೂ ಕೆಡುತ್ತದೆ.

ಈ ಸಂಖ್ಯೆಯಲ್ಲೇ ಎಸ್‌ಕ್ಯೂಲೈಟ್‌ನ ಒಂದು ಗುಣ ಅಡಗಿದೆ. ಪ್ರೈಮರಿ ಕೀಯನ್ನು (ಸಾಲನ್ನು ಗುರುತಿಸುವ ಕಾಲಂ) ಸುಮ್ನೆ ಇಂಟಿಜರ್ ಎಂದು ಕೊಟ್ಟರೆ ಅದು ಟೇಬಲ್‌ನಲ್ಲಿ ಈಗಿರುವ ದೊಡ್ಡ ಸಂಖ್ಯೆಗೆ ಒಂದು ಸೇರಿಸಿ ಮುಂದಿನದನ್ನು ಕೊಡುತ್ತದೆ. ಕ್ಯಾಶ್ ಅಂದ ಮೇಲೆ ಹಳೆಯ ಸಾಲು ಅಳಿಯುತ್ತಿರುತ್ತವೆ. ಒಂದು ರಾತ್ರಿ ಯಾವ ಸಂದೇಶವೂ ಬರಲಿಲ್ಲ, ಇದ್ದವೆಲ್ಲ ಅವಧಿ ಮುಗಿದು ಹೋದವು, ಟೇಬಲ್ ಖಾಲಿ. ಬೆಳಗ್ಗೆ ಬಂದ ಸಂದೇಶಕ್ಕೆ ಸಂಖ್ಯೆ 1. ಆದರೆ ಫೋನು ಕೇಳುತ್ತಿರುವುದು "4812ರ ನಂತರದ್ದು ಕೊಡು" ಎಂದು. ಸರ್ವರ್ ಏನೂ ಇಲ್ಲ ಅನ್ನುತ್ತದೆ, ಸಂಖ್ಯೆ 4812 ದಾಟುವವರೆಗೂ ಇಲ್ಲ ಅನ್ನುತ್ತಲೇ ಇರುತ್ತದೆ. ಎರರ್ ಎಲ್ಲೂ ಕಾಣುವುದಿಲ್ಲ. ಟೇಬಲ್ ಮಾಡುವಾಗ ಆಟೋಇನ್‌ಕ್ರಿಮೆಂಟ್ ಎಂದು ಬಿಡಿಸಿ ಬರೆದರೆ ಎಸ್‌ಕ್ಯೂಲೈಟ್ ಹಿಂದೆ ಕೊಟ್ಟ ಸಂಖ್ಯೆಯನ್ನು ಬೇರೆ ಟೇಬಲ್‌ನಲ್ಲಿ ನೆನಪಿಟ್ಟುಕೊಂಡು ಮುಂದುವರಿಸುತ್ತದೆ.

ಎರಡು, ಹೊರಗಿನವರಿಗೆ ತೋರಿಸುವ ರ‍್ಯಾಂಡಮ್ ಐಡಿ. ಎನ್‌ಟಿಎಫ್‌ವೈ ಎರಡನ್ನೂ ಇಟ್ಟುಕೊಂಡಿದೆ: ಒಳಗೆ ಕ್ರಮ ಸಂಖ್ಯೆ, ಹೊರಗೆ ಅಕ್ಷರ ಮತ್ತು ಅಂಕಿ ಬೆರೆತ ಐಡಿ. ಕ್ಲೈಂಟ್ (ಸಂದೇಶ ಪಡೆಯುವ ಆ್ಯಪ್ ಅಥವಾ ಬ್ರೌಸರ್) ತನ್ನ ಬಳಿಯ ಕೊನೆಯ ಐಡಿ ಹೇಳುತ್ತದೆ, ಸರ್ವರ್ ಆ ಐಡಿಯ ಸಾಲು ಹುಡುಕಿ ಅದರ ಸಂಖ್ಯೆಯ ಮುಂದಿನವನ್ನು ಕೊಡುತ್ತದೆ. ಯಾವತ್ತೋ ಡೇಟಾಬೇಸ್ ಅಳಿಸಿ ಹೊಸದು ಮಾಡಿದರೂ ಹಳೆಯ ಐಡಿ ತಪ್ಪಾಗಿ ಬೇರೆ ಸಂದೇಶಕ್ಕೆ ಹೊಂದಿಕೊಳ್ಳುವುದಿಲ್ಲ.

ಮೂರು, ಅವಧಿ ಮುಗಿಯುವ ಸಮಯ. ನಾಲ್ಕು, ಪ್ರಕಟವಾಗಿದೆಯೋ ಇಲ್ಲವೋ ಎಂಬ ಗುರುತು. ಈ ಕೊನೆಯದು ಮುಂದಕ್ಕೆ ಹಾಕಿದ ಸಂದೇಶಗಳಿಗೆ. "ನಾಳೆ ಬೆಳಗ್ಗೆ ಕಳಿಸು" ಎಂದು ಕೊಟ್ಟ ಸಂದೇಶ ಅಲ್ಲಿಯವರೆಗೆ ಕೂರುವುದು ಇದೇ ಟೇಬಲ್‌ನಲ್ಲಿ. ಎನ್‌ಟಿಎಫ್‌ವೈಯಲ್ಲಿ ಹೀಗೆ 10 ಸೆಕೆಂಡಿನಿಂದ 3 ದಿನದವರೆಗೆ ಮುಂದೂಡಬಹುದು. ಇನ್ನೂ ಯಾರಿಗೂ ತಲುಪದ ಸಂದೇಶ ಒಳಗಿದೆ ಎಂದ ಮೇಲೆ ಈ ಫೈಲನ್ನು ಬರೀ ಕ್ಯಾಶ್ ಎಂದು ನೋಡುವ ಹಾಗಿಲ್ಲ. ಹಂತ 2ರಲ್ಲಿ ಲಿಬ್ ಫೋಲ್ಡರ್‌ಗೆ ಒತ್ತು ಕೊಟ್ಟದ್ದು ಇದಕ್ಕೂ ಸೇರಿ.

ಬೇಗ ಹುಡುಕಲು ಇಂಡೆಕ್ಸ್: ಟಾಪಿಕ್‌ಗೆ ಒಂದು, ಸಮಯಕ್ಕೆ ಒಂದು, ಐಡಿಗೆ ಒಂದು, ಅವಧಿಗೆ ಒಂದು. ಸಾಕು.

ಹಂತ 4: ಮೊದಲು ಬರೆಯಿರಿ, ಆಮೇಲೆ ಕಳಿಸಿ

ಸ್ವಂತ ಟೂಲ್ ಬರೆಯುವವರು ಈ ಕ್ರಮ ಪಾಲಿಸಿ: ಸಂದೇಶ ಬಂತು, ಡೇಟಾಬೇಸ್‌ಗೆ ಬರೆದಾಯಿತು, ಕಮಿಟ್ ಆಯಿತು (ಬರಹ ಖಾಯಂ ಆಯಿತು), ಆಮೇಲೆ ಸಂಪರ್ಕದಲ್ಲಿರುವವರಿಗೆ ಹೋಯಿತು, ಕಳಿಸಿದವರಿಗೆ 200 ಹೋಯಿತು. ನಡುವೆ ಪ್ರೋಗ್ರಾಂ ಬಿದ್ದರೆ ಕಳಿಸಿದವರಿಗೆ ಉತ್ತರ ಬರುವುದಿಲ್ಲ, ಅವರು ಮತ್ತೆ ಕಳಿಸುತ್ತಾರೆ. ಒಂದು ಸಂದೇಶ ಎರಡು ಸಲ ಬರಬಹುದು. ಬರಲಿ. ಸರ್ವರ್ ಡೌನ್ ಎಂಬ ಎಚ್ಚರಿಕೆ ಎರಡು ಸಲ ಬಂದರೆ ಯಾರಿಗೂ ನಷ್ಟವಿಲ್ಲ, ಬರದೇ ಹೋದರೆ ಇದೆ.

ಇನ್ನು ವಾಲ್ (ರೈಟ್-ಅಹೆಡ್ ಲಾಗ್) ಮೋಡ್. ಎಸ್‌ಕ್ಯೂಲೈಟ್‌ಗೆ 2010ರಲ್ಲಿ, 3.7.0 ವರ್ಶನ್‌ನಲ್ಲಿ ಬಂದ ವ್ಯವಸ್ಥೆ ಇದು. ಹೊಸ ಬರಹ ಮುಖ್ಯ ಫೈಲ್‌ಗೆ ನೇರ ಹೋಗದೆ ಪಕ್ಕದ ಲಾಗ್ ಫೈಲ್‌ನ ಕೊನೆಗೆ ಸೇರುತ್ತದೆ, ಆಮೇಲೆ ಆಗಾಗ ಮುಖ್ಯ ಫೈಲ್‌ಗೆ ಇಳಿಯುತ್ತದೆ. ಓದುವವರು ಬರೆಯುವವರನ್ನು ತಡೆಯುವುದಿಲ್ಲ. ಒಬ್ಬರು ಹಳೆಯ ಸಂದೇಶ ಎಳೆಯುತ್ತಿರುವಾಗಲೇ ಹೊಸದು ಬರುವ ಇಂಥ ಟೂಲ್‌ಗೆ ಹೇಳಿ ಮಾಡಿಸಿದಂತಿದೆ. ಎನ್‌ಟಿಎಫ್‌ವೈಯಲ್ಲಿ ಕ್ಯಾಶ್-ಸ್ಟಾರ್ಟಪ್-ಕ್ವೆರೀಸ್ ಎಂಬ ಸೆಟ್ಟಿಂಗ್‌ನಲ್ಲಿ ಜರ್ನಲ್ ಮೋಡನ್ನು ವಾಲ್ ಎಂದು, ಸಿಂಕ್ರೊನಸ್ ಅನ್ನು ನಾರ್ಮಲ್ ಎಂದು ಕೊಡಬಹುದು. ಬಿಝಿ ಟೈಮೌಟ್ (ಡೇಟಾಬೇಸ್ ಬಿಡುವಾಗಲು ಕಾಯುವ ಸಮಯ) ಕೂಡ ಕೊಡಿ, ಇಲ್ಲದಿದ್ದರೆ ಲೋಡ್ ಏರಿದಾಗ "ಡೇಟಾಬೇಸ್ ಲಾಕ್ ಆಗಿದೆ" ಎಂಬ ಎರರ್ ಕಾಣಿಸಿಕೊಳ್ಳುತ್ತದೆ.

ನಾರ್ಮಲ್ ಎಂದರೆ ಏನು ಬಿಟ್ಟುಕೊಡುತ್ತಿದ್ದೀರಿ ಎಂದು ಗೊತ್ತಿರಲಿ. ಪ್ರೋಗ್ರಾಂ ಮಾತ್ರ ಬಿದ್ದರೆ ಏನೂ ಹೋಗುವುದಿಲ್ಲ. ಕರೆಂಟ್ ಹೋಗಿ ಇಡೀ ಮಷೀನ್ ಬಿದ್ದರೆ ಕೊನೆಯ ಕೆಲವು ಕಮಿಟ್‌ಗಳು ಹೋಗಬಹುದು, ಆದರೆ ಡೇಟಾಬೇಸ್ ಕೆಡುವುದಿಲ್ಲ. ಇದೂ ಬೇಡ ಎಂದರೆ ಫುಲ್ ಇಡಿ. ಆಗ ಪ್ರತಿ ಕಮಿಟ್‌ಗೂ ಡಿಸ್ಕ್ ಸಿಂಕ್ ಆಗುತ್ತದೆ, ಅಂದರೆ ಬರಹ ನಿಜವಾಗಿ ಡಿಸ್ಕ್ ಮುಟ್ಟುವವರೆಗೆ ಕಾಯುತ್ತದೆ. ದಿನಕ್ಕೆ ಕೆಲವು ಸಾವಿರ ಸಂದೇಶದ ಸರ್ವರ್‌ಗೆ ಅದೇನೂ ಭಾರವಲ್ಲ.

ಸಂದೇಶಗಳನ್ನು ಗುಂಪಾಗಿ ಬರೆಯುವ ಕ್ಯಾಶ್-ಬ್ಯಾಚ್-ಸೈಜ್, ಕ್ಯಾಶ್-ಬ್ಯಾಚ್-ಟೈಮೌಟ್ ಎಂಬ ಸೆಟ್ಟಿಂಗ್‌ಗಳೂ ಇವೆ. ಇವನ್ನು ಹಾಕಿದರೆ ಬರಹ ಹಿನ್ನೆಲೆಗೆ ಹೋಗುತ್ತದೆ. 200 ಬಂತು ಎಂದರೆ ಡಿಸ್ಕ್‌ಗೆ ಹೋಯಿತು ಎಂಬ ಅರ್ಥ ಆಮೇಲೆ ಉಳಿಯುವುದಿಲ್ಲ. ತುಂಬಾ ದೊಡ್ಡ ಸರ್ವರ್ ಅಲ್ಲದಿದ್ದರೆ ಮುಟ್ಟಬೇಡಿ.

ಹಂತ 5: ತಪ್ಪಿದ್ದನ್ನು ವಾಪಸ್ ಕೇಳುವುದು

ಇಡೀ ವಿಷಯದಲ್ಲಿ ಕಷ್ಟದ ಭಾಗ ಇದೇ. ಎನ್‌ಟಿಎಫ್‌ವೈಯಲ್ಲಿ ವಿಳಾಸದ ಕೊನೆಗೆ ಸಿನ್ಸ್ ಎಂಬ ಪ್ಯಾರಾಮೀಟರ್ ಸೇರಿಸಿ ಕೇಳಬಹುದು. ಅದಕ್ಕೆ 10 ನಿಮಿಷ ಎಂಬಂಥ ಅವಧಿ ಕೊಡಬಹುದು, ಯುನಿಕ್ಸ್ ಸಮಯ (1970ರಿಂದ ಎಣಿಸಿದ ಸೆಕೆಂಡು) ಕೊಡಬಹುದು, ಸಂದೇಶದ ಐಡಿ ಕೊಡಬಹುದು, ಇರುವುದೆಲ್ಲ ಬೇಕು ಎಂದರೆ ಆಲ್ ಎನ್ನಬಹುದು. ಪೋಲ್ ಅನ್ನು 1 ಎಂದು ಸೇರಿಸಿದರೆ ಇದ್ದದ್ದನ್ನು ಕೊಟ್ಟು ಸಂಪರ್ಕ ಮುಚ್ಚುತ್ತದೆ. ಕ್ಲೈಂಟ್ ಪ್ರೋಗ್ರಾಂ ಬರೆಯುವಾಗ ಐಡಿಯನ್ನೇ ಕೊಡಿ. ಅವಧಿ ಮತ್ತು ಸಮಯ ಕೈಯಲ್ಲಿ ಪರೀಕ್ಷೆ ಮಾಡುವಾಗ ಚೆನ್ನ.

ಸರ್ವರ್ ಬದಿಯಲ್ಲಿ ಇದು ಎಲ್ಲಿ ತಪ್ಪುತ್ತದೆ ಎಂದು ಒಮ್ಮೆ ಹತ್ತಿರದಿಂದ ನೋಡೋಣ. ಫೋನಿನ ಬಳಿ 41ರವರೆಗೆ ಇದೆ. ವಾಪಸ್ ಬಂದು "41ರ ನಂತರ" ಎಂದು ಕೇಳುತ್ತದೆ. ಸರ್ವರ್ ಡೇಟಾಬೇಸ್ ಓದುತ್ತದೆ, 42 ಸಿಗುತ್ತದೆ, ಕಳಿಸುತ್ತದೆ. ಆಮೇಲೆ ಫೋನನ್ನು ಲೈವ್ ಪಟ್ಟಿಗೆ, ಅಂದರೆ ಹೊಸ ಸಂದೇಶ ಬಂದ ಕೂಡಲೇ ಕಳಿಸಬೇಕಾದವರ ಪಟ್ಟಿಗೆ, ಸೇರಿಸುತ್ತದೆ. ಈ ಎರಡು ಕೆಲಸದ ನಡುವೆ 43 ಬಂದರೆ? ಡೇಟಾಬೇಸ್ ಓದಿ ಆಗಿದೆ, ಅಲ್ಲಿ ಸಿಗಲಿಲ್ಲ. ಲೈವ್ ಪಟ್ಟಿಗೆ ಇನ್ನೂ ಸೇರಿಲ್ಲ, ಅಲ್ಲೂ ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ 44 ಲೈವ್ ಆಗಿ ಬರುತ್ತದೆ. ಫೋನಿನ ಗುರುತು (ಎಲ್ಲಿಯವರೆಗೆ ಬಂದಿದೆ ಎಂಬ ನೆನಪು) ಈಗ 44. ಮುಂದಿನ ಸಲ ಕೇಳುವುದು "44ರ ನಂತರ". 43 ಡಿಸ್ಕ್‌ನಲ್ಲಿ ಭದ್ರವಾಗಿದೆ, ಆದರೆ ಅದನ್ನು ಇನ್ನು ಯಾರೂ ಕೇಳುವುದಿಲ್ಲ.

ಪರಿಹಾರ ಸರಳ: ಮೊದಲು ಲೈವ್ ಪಟ್ಟಿಗೆ ಸೇರಿಸಿ, ಆಮೇಲೆ ಡೇಟಾಬೇಸ್ ಓದಿ. ಆಗ 43 ಎರಡು ದಾರಿಯಲ್ಲೂ ಬರಬಹುದು. ಐಡಿ ನೋಡಿ ಎರಡನೆಯದನ್ನು ಬಿಟ್ಟುಬಿಡುವುದು ಕ್ಲೈಂಟ್‌ನ ಕೆಲಸ.

ಇಷ್ಟಕ್ಕೇ ಮುಗಿಯಲಿಲ್ಲ. ಹೀಗೆ ಮಾಡಿದಾಗ 43 ಲೈವ್ ದಾರಿಯಲ್ಲಿ ಮೊದಲು ಬಂದು 42 ಆಮೇಲೆ ಬರಬಹುದು. ಆ ನಡುವೆ ಸಂಪರ್ಕ ಕಡಿದರೆ ಗುರುತು 43ಕ್ಕೆ ಹೋಗಿರುತ್ತದೆ, 42 ಕಳೆಯುತ್ತದೆ. ಅದಕ್ಕೇ ಹಳೆಯದು ಪೂರ್ತಿ ಕೊಟ್ಟು ಮುಗಿಯುವವರೆಗೆ ಲೈವ್ ಸಂದೇಶಗಳನ್ನು ಆ ಫೋನಿನ ಮಟ್ಟಿಗೆ ಸಾಲಿನಲ್ಲಿ ನಿಲ್ಲಿಸಿ. ಹಳೆಯದು ಮುಗಿದ ಮೇಲೆ ಬಿಡಿ.

ಕ್ಲೈಂಟ್ ಹೇಳಿದ ಐಡಿಯೇ ಸರ್ವರ್‌ನಲ್ಲಿ ಇಲ್ಲದಿದ್ದರೆ? ಫೋನು ಒಂದು ವಾರ ಆಫ್ ಇತ್ತು, ಆ ಸಾಲು ಅಳಿದುಹೋಗಿದೆ. ಖಾಲಿ ಉತ್ತರ ಕೊಡುವುದು ಕೆಟ್ಟ ಆಯ್ಕೆ. ಉಳಿದಿರುವುದೆಲ್ಲವನ್ನೂ ಕೊಟ್ಟುಬಿಡಿ, ಕ್ಲೈಂಟ್ ಸೋಸಿಕೊಳ್ಳುತ್ತದೆ.

ಬ್ರೌಸರ್‌ನಲ್ಲಿ ಇವೆಂಟ್‌ಸೋರ್ಸ್ (ಸರ್ವರ್‌ನಿಂದ ಸಂದೇಶ ಪಡೆಯುತ್ತಲೇ ಇರುವ ಬ್ರೌಸರ್ ಸೌಲಭ್ಯ) ಬಳಸುವವರಿಗೆ ಒಂದು ಸೌಲಭ್ಯ ಪುಕ್ಕಟೆ ಸಿಗುತ್ತದೆ. ಸಂಪರ್ಕ ಕಡಿದು ಮತ್ತೆ ಜೋಡಿಸಿದಾಗ ಬ್ರೌಸರ್ ತಾನಾಗಿಯೇ ಕೊನೆಯ ಐಡಿಯನ್ನು ಹೆಡರ್‌ನಲ್ಲಿ ಕಳಿಸುತ್ತದೆ. ಆದರೆ ಪುಟ ರೀಲೋಡ್ ಆದರೆ ಆ ನೆನಪು ಹೋಯಿತು. ಗುರುತನ್ನು ಇಂಡೆಕ್ಸ್‌ಡ್‌ಡಿಬಿಯಲ್ಲಿ (ಬ್ರೌಸರ್ ಒಳಗಿನ ಡೇಟಾಬೇಸ್) ನೀವೇ ಬರೆದಿಡಬೇಕು.

ಫೋನಿಗೆ ನೋಟಿಫಿಕೇಶನ್ ಮುಟ್ಟಿಸುವ ಗೂಗಲ್‌ನ ಫೈರ್‌ಬೇಸ್ ಸೇವೆ ಸಂದೇಶಗಳನ್ನು ಹೇಗೂ ಹಿಡಿದಿಡುತ್ತದಲ್ಲ, ನಮ್ಮ ಕ್ಯಾಶ್ ಯಾಕೆ ಎಂದು ಕೇಳುವವರಿದ್ದಾರೆ. ಅದು ಹೆಚ್ಚೆಂದರೆ 4 ವಾರ ಇಟ್ಟುಕೊಳ್ಳುತ್ತದೆ, ನಿಜ. ಆದರೆ ಒಂದು ಫೋನಿನ ಒಂದು ಆ್ಯಪ್‌ಗೆ 100ಕ್ಕಿಂತ ಜಾಸ್ತಿ ಸಂದೇಶ ಬಾಕಿ ಬಿದ್ದರೆ ಎಲ್ಲವನ್ನೂ ಎಸೆದು, ಎಸೆದೆ ಎಂಬ ಸುದ್ದಿಯನ್ನು ಮಾತ್ರ ಆ್ಯಪ್‌ಗೆ ಮುಟ್ಟಿಸುತ್ತದೆ. ಆ ಸುದ್ದಿ ಬಂದಾಗ ಆ್ಯಪ್ ಹೋಗಿ ಕೇಳಬೇಕಾದ್ದು ನಿಮ್ಮ ಸರ್ವರ್‌ನ ಕ್ಯಾಶನ್ನೇ.

ಹಂತ 6: ಎಷ್ಟು ಹೊತ್ತು ಇಡಬೇಕು, ಹೇಗೆ ಅಳಿಸಬೇಕು

12 ಗಂಟೆ ಒಂದು ರಾತ್ರಿಗೆ ಸಾಕು. ವಾರಾಂತ್ಯಕ್ಕೆ ಸಾಲದು. ಫೋನು ಎಷ್ಟು ಹೊತ್ತು ಕಾಣೆಯಾಗಬಹುದೋ ಅದಕ್ಕಿಂತ ಸ್ವಲ್ಪ ಜಾಸ್ತಿ ಇಡಿ. ಜಾಗದ ಚಿಂತೆ ಬೇಡ. ಎನ್‌ಟಿಎಫ್‌ವೈಯಲ್ಲಿ ಸಂದೇಶದ ಪಠ್ಯಕ್ಕೆ ಮೊದಲೇ ಇರುವ ಮಿತಿ 4096 ಬೈಟ್. ಪ್ರತಿ ನಿಮಿಷಕ್ಕೊಂದರಂತೆ ತುಂಬಿದ ಸಂದೇಶ ಬಂದರೂ 72 ಗಂಟೆಗೆ 4320 ಸಂದೇಶ, ಪಠ್ಯ 18 ಎಂಬಿ ದಾಟುವುದಿಲ್ಲ.

ಅಳಿಸುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತದೆ, ಸೆಟ್ಟಿಂಗ್ ಬದಲಿಸದಿದ್ದರೆ ನಿಮಿಷಕ್ಕೊಮ್ಮೆ. ಅವಧಿ ಮುಗಿಯುವ ಸಮಯ ಪ್ರತಿ ಸಾಲಿನಲ್ಲೂ ಬರೆದಿರುವುದರಿಂದ, ಕಾನ್ಫಿಗ್‌ನಲ್ಲಿ 12 ಗಂಟೆಯನ್ನು 72 ಮಾಡಿದರೆ ಹೊಸ ಸಂದೇಶಗಳಿಗೆ ಮಾತ್ರ ಅದು ಅನ್ವಯ. ಮೊದಲೇ ಇದ್ದವು ತಮ್ಮ ಹಳೆಯ ಸಮಯಕ್ಕೇ ಹೋಗುತ್ತವೆ.

ಸಾಲು ಅಳಿದರೂ ಫೈಲ್ ಸೈಜ್ ಇಳಿಯುವುದಿಲ್ಲ. ಎಸ್‌ಕ್ಯೂಲೈಟ್ ಖಾಲಿಯಾದ ಪುಟಗಳನ್ನು ಮುಂದಿನ ಬರಹಕ್ಕೆ ಇಟ್ಟುಕೊಳ್ಳುತ್ತದೆ. ಅದು ಸರಿಯೇ. ಯಾವುದೋ ಸ್ಕ್ರಿಪ್ಟ್ ತಪ್ಪಿ ಲಕ್ಷಗಟ್ಟಲೆ ಸಂದೇಶ ಸುರಿದು ಫೈಲ್ ಊದಿಕೊಂಡಿದ್ದರೆ ಮಾತ್ರ ಫೈಲನ್ನು ಕುಗ್ಗಿಸುವ ವ್ಯಾಕ್ಯೂಮ್ ಕಮಾಂಡ್ ಓಡಿಸಿ. ಅದು ಹೊಸ ಪ್ರತಿ ಮಾಡಿ ಬದಲಿಸುವುದರಿಂದ ಮೂಲ ಫೈಲ್‌ನ ಎರಡರಷ್ಟು ಖಾಲಿ ಜಾಗ ಬೇಕಾಗಬಹುದು. ಡಿಸ್ಕ್ ತುಂಬಿ ಹೋದ ಮೇಲೆ ಓಡಿಸೋಣ ಅಂದುಕೊಂಡರೆ ಆಗುವುದಿಲ್ಲ.

ಅಟ್ಯಾಚ್‌ಮೆಂಟ್‌ಗಳ ಲೆಕ್ಕ ಬೇರೆ. ಅವು ಡೇಟಾಬೇಸ್‌ನಲ್ಲಿ ಇರುವುದಿಲ್ಲ, ಬೇರೆ ಫೋಲ್ಡರ್‌ನಲ್ಲಿ ಫೈಲ್ ಆಗಿ ಇರುತ್ತವೆ. ಮೊದಲೇ ಇರುವ ಅವಧಿ 3 ಗಂಟೆ. ಸಂದೇಶ 12 ಗಂಟೆ ಇರುತ್ತದೆ, ಚಿತ್ರ 3 ಗಂಟೆಗೇ ಹೋಗುತ್ತದೆ. ರಾತ್ರಿಯ ಕ್ಯಾಮೆರಾ ಎಚ್ಚರಿಕೆಯನ್ನು ಬೆಳಗ್ಗೆ ತೆರೆದರೆ ಪಠ್ಯ ಇದೆ, ಫೋಟೋ ಇಲ್ಲ. ಎರಡೂ ಅವಧಿ ಒಂದೇ ಮಾಡಿ.

ಹಂತ 7: ಫೋನಿನೊಳಗಿನ ಕ್ಯಾಶ್

ಫೋನಿನ ಆ್ಯಪ್‌ಗೂ ತನ್ನದೇ ಡೇಟಾಬೇಸ್ ಇರುತ್ತದೆ. ಸರ್ವರ್‌ನಲ್ಲಿ ಅಳಿದ ಸಂದೇಶ ಫೋನಿನಲ್ಲಿ ಉಳಿಯಬಹುದು, ಅದು ಸಹಜ.

ಎರಡು ಕಡೆ ಎಚ್ಚರ ಬೇಕು. ಗುರುತನ್ನು ಮುಂದಕ್ಕೆ ಸರಿಸುವುದು ಸಂದೇಶ ಬಂದಾಗಲ್ಲ, ಫೋನಿನ ಡೇಟಾಬೇಸ್‌ಗೆ ಕಮಿಟ್ ಆದಾಗ. ಗುರುತು ಮತ್ತು ಸಂದೇಶ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಇಲ್ಲ) ಬರೆದರೆ ಇನ್ನೂ ಒಳ್ಳೆಯದು. ಆಂಡ್ರಾಯ್ಡ್ ನಿಮ್ಮ ಆ್ಯಪನ್ನು ಯಾವ ಕ್ಷಣದಲ್ಲಾದರೂ ನಿಲ್ಲಿಸಬಹುದು.

ಎರಡನೆಯದು ಅಳಿಸುವಿಕೆ. ಬಳಸುವವರು ಒಂದು ಸಂದೇಶವನ್ನು ಸ್ವೈಪ್ ಮಾಡಿ ತೆಗೆದರು. ಆ್ಯಪ್ ಸಾಲನ್ನೇ ಅಳಿಸಿತು. ಸರ್ವರ್‌ನಲ್ಲಿ ಅದು ಇನ್ನೂ ಇದೆ. ಮುಂದಿನ ಸಲ ಎಲ್ಲವನ್ನೂ ಎಳೆದಾಗ ಆ್ಯಪ್‌ಗೆ ಅದು ಹೊಸ ಸಂದೇಶದಂತೆ ಕಾಣುತ್ತದೆ, ಫೋನು ಮತ್ತೆ ಟಿಂಗ್ ಅನ್ನುತ್ತದೆ. ಅದಕ್ಕೆ ಸಾಲನ್ನು ಅಳಿಸದೆ "ಅಳಿಸಲಾಗಿದೆ" ಎಂದು ಗುರುತು ಹಾಕಿ ಬಚ್ಚಿಡಿ. ಸರ್ವರ್‌ನ ಅವಧಿ ದಾಟಿದ ಮೇಲೆ ನಿಜವಾಗಿ ತೆಗೆಯಿರಿ.

ಹಂತ 8: ಡಿಸ್ಕ್‌ಗೆ ಹೋಗಬಾರದ ಸಂದೇಶಗಳು

ಒಟಿಪಿ, ಪಾಸ್‌ವರ್ಡ್ ಲಿಂಕ್ ಇಂಥವನ್ನು ಕ್ಯಾಶ್‌ನಲ್ಲಿ ಇಡಬೇಡಿ. ಎನ್‌ಟಿಎಫ್‌ವೈಯಲ್ಲಿ ಕಳಿಸುವಾಗ ಕ್ಯಾಶ್ ಎಂಬ ಹೆಡರ್‌ಗೆ ನೋ ಎಂದು ಕೊಟ್ಟರೆ ಆ ಸಂದೇಶ ಬರೆಯಲ್ಪಡುವುದಿಲ್ಲ. ಆಗ ಸಂಪರ್ಕದಲ್ಲಿ ಇದ್ದವರಿಗೆ ಮಾತ್ರ ತಲುಪುತ್ತದೆ, ತಪ್ಪಿಸಿಕೊಂಡವರಿಗೆ ಇಲ್ಲ. ಮುಂದೂಡಿದ ಸಂದೇಶಕ್ಕೆ ಇದನ್ನು ಹಾಕಲಾಗುವುದಿಲ್ಲ, ಎಲ್ಲಿಯಾದರೂ ಕಾಯಬೇಕಲ್ಲ. ಇನ್ನೊಂದು: ಅಳಿಸಿದ ಸಾಲಿನ ಬೈಟ್‌ಗಳು ಫೈಲ್‌ನಲ್ಲಿ ಮತ್ತೊಂದು ಬರಹ ಮೇಲೆ ಬೀಳುವವರೆಗೆ ಉಳಿಯಬಹುದು. ಅದು ಬೇಡವೆಂದರೆ ಎಸ್‌ಕ್ಯೂಲೈಟ್‌ನ ಸೆಕ್ಯೂರ್ ಡಿಲೀಟ್ ಆನ್ ಮಾಡಿ.

ಹಂತ 9: ಕೆಡವಿ ನೋಡಿ

ಫೋನು ಆಫ್‌ಲೈನ್ ಮಾಡಿ, ಅಂಕಿ ಹಾಕಿದ ಹತ್ತು ಸಂದೇಶ ಕಳಿಸಿ. ಸರ್ವರ್ ಪ್ರೋಗ್ರಾಂ ಅನ್ನು ಕಿಲ್ ಮೈನಸ್ 9 (kill -9) ಕಮಾಂಡ್ ಕೊಟ್ಟು ಒರಟಾಗಿ ನಿಲ್ಲಿಸಿ. ಮತ್ತೆ ಶುರು ಮಾಡಿ, ಫೋನು ಜೋಡಿಸಿ. ಹತ್ತೂ ಬರಬೇಕು, ಕ್ರಮದಲ್ಲಿ ಬರಬೇಕು. ಡಾಕರ್ ಇದ್ದರೆ ಕಂಟೇನರ್ ತೆಗೆದು ಹೊಸದು ಮಾಡಿ ಇದನ್ನೇ ಮತ್ತೊಮ್ಮೆ ಮಾಡಿ.

ಆಮೇಲೆ ಸ್ಕ್ರಿಪ್ಟ್‌ನಿಂದ ಬಿಡದೆ ಸಂದೇಶ ಕಳಿಸುತ್ತಾ ಕ್ಲೈಂಟ್‌ನ ಸಂಪರ್ಕವನ್ನು ಪದೇ ಪದೇ ಕಡಿದು ಜೋಡಿಸಿ. ಹಂತ 5ರ 43ರಂಥ ಸಂದೇಶ ತಪ್ಪುತ್ತಿದ್ದರೆ ಅಂಕಿಗಳ ನಡುವಿನ ತೂತು ಕಾಣಿಸುತ್ತದೆ.

ಕೊನೆಗೆ ಡೇಟಾಬೇಸನ್ನು ಚಿಕ್ಕದೊಂದು ಪಾರ್ಟಿಶನ್ ಮೇಲೆ ಇಟ್ಟು ಅದನ್ನು ಪೂರ್ತಿ ತುಂಬಿಸಿ ಒಂದು ಸಂದೇಶ ಕಳಿಸಿ. ಕಳಿಸಿದವರಿಗೆ ಎರರ್ ಬರಬೇಕು, 200 ಬರಬಾರದು. ಎರರ್ ಬಂದರೆ ಅವರ ಸ್ಕ್ರಿಪ್ಟ್ ಮತ್ತೆ ಪ್ರಯತ್ನಿಸುವಂತೆ ಬರೆದಿದೆಯೋ ಎಂದು ಅದೇ ಹೊತ್ತಿಗೆ ನೋಡಿಕೊಳ್ಳಿ. ಸಾಮಾನ್ಯವಾಗಿ ಬರೆದಿರುವುದಿಲ್ಲ.